ಗುಂಡುಕಲ್ಲು ಸರಿದ ಕಡೆ

ಬೆಳಿಗ್ಗೆ ಶಹಾಪುರದ ಶಾಲೆಯಲ್ಲಿ ‘ಹೊರಗಿನ ಬಲ ತಾಗದೆ ನಿಂತ ವಸ್ತು ಕದಲುವುದಿಲ್ಲ’ ಎಂದು ಪಾಠ ಹೇಳಿ, ಸಂಜೆ ಕಲ್ಲು ತಾನಾಗಿ ತಿರುಗುವ ಕಡೆ ಕೈಮುಗಿದು ಕೂರುವವಳಿಗೆ ಇಂಥವು ಎದುರಾಗದೆ ಇನ್ನಾರಿಗೆ ಎದುರಾದಾವು?

ಯಾದಗಿರಿ ದಾರಿಯ ಹಳೇ ಮಠವೊಂದರಲ್ಲಿ, ಹಿಂದೆಂದೋ ಐಕ್ಯರಾದ ಸ್ವಾಮಿಗಳ, ನಮ್ಮೆಲ್ಲರ ಅಜ್ಜಾರ ಗದ್ದುಗೆ ಇದೆ. ಅದರ ಮೇಲೆ ನಮ್ಮತ್ತ ನೋಡುವ ಬೆಳ್ಳಿ ಮುಖ, ಒಂದೇ ದೀಪ, ಮೇಲೆ ಬಾವಲಿಗಳ ಸದ್ದು. ಗದ್ದುಗೆಯ ಮುಂದೆ ನುಣುಪಾದ ಗುಂಡುಕಲ್ಲು. ಅದರ ನಮ್ಮ ಕಡೆಯ ಮೈಗೆ ವಿಭೂತಿಯ ಗೆರೆ ಎಳೆದು, ಎರಡೂ ಅಂಗೈ ಮೇಲಿಟ್ಟು ಮನಸ್ಸಿನಲ್ಲೇ ಕೇಳಬೇಕು. ಗೆರೆ ಬಲಕ್ಕೆ ಸರಿದರೆ ಹೂಂ, ಎಡಕ್ಕೆ ಸರಿದರೆ ಇಲ್ಲ. ನಮಗೇ ತಿಳಿಯದಂತೆ ನಮ್ಮ ಕೈಯೇ ನೂಕುತ್ತದೆ ಎಂದು ನನಗೆ ಗೊತ್ತು. ಆ ಕೈಯನ್ನು ನೂಕುವವರು ಯಾರು ಎಂಬುದೂ ಗೊತ್ತು.

ಅತ್ತೆಯವರ ಕಣ್ಣಿಗೆ ಪೊರೆ ಬಂದು, “ಅಜ್ಜಾರು ಹೂಂ ಅನ್ನೋತನ ಆಪರೇಷನ್ ಬ್ಯಾಡ” ಎಂದು ಹಟ ಹಿಡಿದ ಮೇಲೆ ನಮ್ಮ ಓಡಾಟ ಹೆಚ್ಚಾಯಿತು.

೧. ಯಜಮಾನರ ವರ್ಗಾವಣೆ

ಮೊದಲು ಯಜಮಾನರೇ, ವರ್ಗ ಆದೀತೇ ಎಂದು ಕೇಳಿ ಕೈ ಇಟ್ಟರು. ಗೆರೆ ಬಲಕ್ಕೆ ಸರಿಯಿತು, ಗರಗರ ಎನ್ನುತ್ತ ಹಿಂದೆ ಮರೆಯಾಯಿತು, ಪೂರಾ ಸುತ್ತು ಹಾಕಿ ಮೊದಲಿನ ಜಾಗಕ್ಕೇ ಬಂದು ನಿಂತಿತು. “ಹೋಗ್ತೀರಿ. ಮತ್ತ ಇಲ್ಲಿಗೇ ಬರ್ತೀರಿ” ಎಂದರು ಪೂಜೆಯ ಅಯ್ಯನವರು.

ಸುರಪುರಕ್ಕೆ ಆದೇಶ ಬಂತು. ಸಾಮಾನು ಕಟ್ಟಿದೆವು. ಸಂಜೆಗೆ ಆದೇಶ ರದ್ದು. ಗಂಟು ಬಿಚ್ಚುತ್ತ ಯಜಮಾನರು ಗೊಣಗಿದರು: “ಅರ್ಧಕ್ಕ ಕೈ ತೆಗೀಬೇಕಿತ್ತು.”

೨. ಏನೂ ಕೇಳದವರು

ನಮ್ಮ ಶಾಲೆಯ ಗಣಿತದ ಮಾಸ್ತರು ನಕ್ಕರು. “ನಾ ಏನೂ ಕೇಳಾಂಗಿಲ್ಲ, ಬರೇ ಕೈ ಇಡ್ತೀನಿ, ನೋಡ್ರಿ.” ಇಟ್ಟರು. ಗೆರೆ ಎಡಕ್ಕೆ ಹೊರಳಿತು. ಮಾಸ್ತರು ಬೆವೆತರು. “ನಾ ಕೇಳೇ ಇಲ್ಲಲ್ರಿ!”

“ಕೇಳದಿದ್ರೇನಾತ್ರಿ? ಅಜ್ಜಾರು ಇಲ್ಲ ಅಂದಾರ” ಎಂದರು ಅಯ್ಯನವರು.

ಈಗಲೂ ಮಾಸ್ತರು ಚಹಾದ ಲೋಟ ಹಿಡಿದು ಒಂದು ಗಳಿಗೆ ತಡೆಯುತ್ತಾರೆ: “ಇದಕ್ಕೇನ ಇಲ್ಲ ಅಂದಿದ್ದು?”

೩. ಅತ್ತೆಯ ಪ್ರಶ್ನೆ

ತಡ ಮಾಡಿದರೆ ದೃಷ್ಟಿಯೇ ಹೋದೀತು ಎಂದಿದ್ದರು ಡಾಕ್ಟರು. ಅತ್ತೆ ಕೈ ಇಟ್ಟರು. ಗೆರೆ ಎಡಕ್ಕೆ ಸರಿಯಿತು.

“ಯಾ ಕಡಿ ಸರೀತ ಯವ್ವಾ? ನನಗ ಎಲ್ಲಾ ಮಬ್ಬು.”

ಗದ್ದುಗೆಯ ಎದುರು ಸುಳ್ಳು ಬಾಯಿಗೆ ಬರಲಿಲ್ಲ. ತಲೆ ಎತ್ತಿದೆ. ಬೆಳ್ಳಿಯ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಎಡ, ಬಲ ಎಂಬುದೆಲ್ಲ ನೋಡುವವರು ಕೂತ ಕಡೆಯ ಮೇಲೆ ನಿಂತದ್ದು ಎಂದು ನಾನೇ ಪಾಠ ಹೇಳುವವಳಲ್ಲವೆ?

“ನಮಗ ಎಡಕ್ಕರಿ ಅತ್ತಿ. ಎದುರಿಗೆ ಕುಂತ ಅಜ್ಜಾರಿಗೆ ಬಲಕ್ಕ.”

ಅತ್ತೆ ಕಲ್ಲಿನಿಂದ ಕೈ ತೆಗೆದರು. “ಉತ್ತರ ಕೊಡೋರು ಅವರು. ಅವರ ಬಲಾನ ಖರೆ. ನಡಿ ದವಾಖಾನಿಗೆ.”

ಪೊರೆ ತೆಗೆದರು, ದೃಷ್ಟಿ ಬಂತು. ಕಾಯಿ ಒಡೆಸಲು ಹೋದ ದಿನ ಅತ್ತೆ ಮತ್ತೆ ಕಲ್ಲಿನ ಮೇಲೆ ಕೈ ಇಟ್ಟರು. ಬಾವಲಿಗಳೂ ಸುಮ್ಮನಾದವು. ಗೆರೆ ಮೆಲ್ಲಗೆ ಎಡಕ್ಕೆ ಸರಿಯಿತು.

“ಏನ್ ಕೇಳಿದ್ರಿ ಅತ್ತಿ?”

“ನನ್ನ ಸೊಸಿ ಅವತ್ತ ಖರೇನ ಹೇಳಿದ್ಳೇನು ಅಂತ.”

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಹೊಸ ಕಣ್ಣಿನಿಂದ ಗೆರೆ ನೋಡಿದರು, ನನ್ನನ್ನು ನೋಡಿದರು, ಬೆಳ್ಳಿಯ ಮುಖ ನೋಡಿದರು.

“ಅಂಜಬ್ಯಾಡ. ಅಜ್ಜಾರಿಗೆ ಬಲಕ್ಕ ಸರದದ.”