ಗಾಂಜಾ ಕಾರ್ಡೂ ನನ್ನ ಬಲಭುಜವೂ

ನಿದ್ದೆ ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬೇರೆಯವರ ದೊಡ್ಡ ಮನೆ, ಹೊಸ ಕಾರು, ಮಕ್ಕಳ ಕಾಲೇಜು ಸೀಟು, ಇದಕ್ಕೆಲ್ಲ ನಾನು ಅಷ್ಟಾಗಿ ಕರುಬುವವಳಲ್ಲ. ಆದರೆ ದಿಂಬಿಗೆ ತಲೆ ತಾಗುತ್ತಲೇ ಗೊರಕೆ ಹೊಡೆಯುವವರನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಅಂಥವರೊಬ್ಬರನ್ನೇ ಮದುವೆಯಾಗಿದ್ದೇನೆ. ನನ್ನ ಗಂಡ ಶ್ರೀಧರ್ ಬೆಂಗಳೂರಿನವರು, ಕಾರ್ಲ್ಸ್‌ಬಾಡ್‌ನ ಟೆಲಿಕಾಂ ಕಂಪನಿಯೊಂದರಲ್ಲಿ ಇಂಜಿನಿಯರ್. ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ನಿದ್ದೆ ಹೊಡೆದವರು. ನನಗೋ, ಹೋದ ವರ್ಷ ಬಲಭುಜ ಹಿಡಿದುಕೊಂಡಿತು. ಡಾಕ್ಟರು ಅದಕ್ಕೆ ಫ್ರೋಜನ್ ಶೋಲ್ಡರ್ ಎಂದರು. ಸ್ಯಾನ್ ಡಿಯಾಗೋದಂಥ ಬೆಚ್ಚಗಿನ ಊರಿನಲ್ಲಿ ನನ್ನ ಭುಜವೊಂದೇ ಹೇಗೆ ಹೆಪ್ಪುಗಟ್ಟಿತೋ ಕಾಣೆ. ಕೈ ಮೇಲೆ ಏಳದು, ಹಿಂದೆ ಹೋಗದು. ನನ್ನ ಜಡೆಯನ್ನು ಈಗ ಶ್ರೀಧರ್ ಅವರೇ ಹೆಣೆಯುತ್ತಾರೆ, ಆಫೀಸಿನಲ್ಲಿ ಕೇಬಲ್ ಕಟ್ಟಿದ ಹಾಗೆ.

ಜಡೆ ಹೇಗಿದ್ದರೂ ನಡೆದೀತು. ಬಲಮಗ್ಗುಲಿಗೆ ಹೊರಳಿದರೆ ಮಾತ್ರ ಜೀವ ಹೋದಂತಾಗುತ್ತದೆ, ಮತ್ತು ನಾನು ಬಲಮಗ್ಗುಲು ಬಿಟ್ಟರೆ ಬೇರೆ ಮಗ್ಗುಲು ಅರಿಯದವಳು. ರಾಣೆಬೆನ್ನೂರಿನ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ರಜೆ ಕಳೆಯುತ್ತಿದ್ದಾಗ, ಮಧ್ಯಾಹ್ನ ಉಂಡು ಪಡಸಾಲೆಯ ತಣ್ಣನೆಯ ನೆಲದ ಮೇಲೆ ಬಲಮಗ್ಗುಲಾಗಿ ಒರಗುತ್ತಿದ್ದೆ. ಪಕ್ಕದಲ್ಲಿ ಚಿಗವ್ವ ಓಣಿಯ ಹೆಂಗಸರ ಜೊತೆ ಕೂತು ಮೆಂತ್ಯದ ಪಲ್ಲೆ ಸೋಸುತ್ತ, ದಂಟಿನಿಂದ ಎಲೆ ಬಿಡಿಸುತ್ತ, ಯಾರದೋ ಮನೆಯ ಸೊಸೆಯ ಸುದ್ದಿ ತೆಗೆಯುತ್ತಿದ್ದಳು. ಸುದ್ದಿ ಮುಗಿಯುವ ಮುಂಚೆಯೇ ನನಗೆ ನಿದ್ದೆ. ಆ ಸೊಸೆ ತವರಿನಿಂದ ವಾಪಸ್ಸು ಬಂದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ನಿದ್ದೆ ನನಗೆ ಒಂದೇ ಒಂದು ಸಲ ಮತ್ತೆ ಬೇಕು. ಹೋಗಿ ಆ ನೆಲದ ಮೇಲೆ ಮಲಗಿ ಬರೋಣವೆಂದರೆ, ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಕೊನೆಯ ಹಂತದಲ್ಲಿದೆ. ಅದು ಮುಗಿಯುವವರೆಗೆ ದೇಶ ಬಿಟ್ಟು ಕದಲಬೇಡಿ ಎಂದು ನಮ್ಮ ವಕೀಲೆ ಹೇಳಿಬಿಟ್ಟಿದ್ದಾರೆ.

ಹೀಗೆ ನಾನು ನರಳುತ್ತಿದ್ದಾಗ ಹೈಸ್ಕೂಲಿನಲ್ಲಿರುವ ನನ್ನ ಮಗಳು ಮೇಘಾ, ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿ ತಿಂದು ನೋಡಬಾರದೇ ಎಂದಳು. ಇಂಗ್ಲಿಷಿನಲ್ಲಿ ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಇಂಗ್ಲಿಷ್ ಬಾರದ ಚಿಗವ್ವ ಫೋನ್ ಮಾಡಿದರೂ “ಹಾಯ್ ಅಜ್ಜಿ” ಎಂದು ಫೋನನ್ನು ನನ್ನ ಕೈಗಿಟ್ಟು ಓಡುತ್ತಾಳೆ. ಗದರಿಸಿ ನೋಡಿದೆ, ಬೇಡಿಕೊಂಡು ನೋಡಿದೆ, ಕೊನೆಗೆ ಸುಮ್ಮನಾದೆ.

“ಗಮ್ಮೀ ವಿಷಯ ನಿನಗ ಹೆಂಗ ಗೊತ್ತು?” ಎಂದು ಕಣ್ಣು ದೊಡ್ಡದು ಮಾಡಿದೆ. ಫ್ರೀವೇ ಪಕ್ಕದ ಬೋರ್ಡುಗಳಲ್ಲೇ ಬರೆದಿದೆಯಲ್ಲ ಎಂದು ಅವಳು ಭುಜ ಕುಣಿಸಿದಳು. ಕುಣಿಯುವ ಭುಜ ಕಂಡು ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು. ಇಪ್ಪತ್ತೊಂದು ದಾಟಿದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಯಾವ ಕಾರ್ಡೂ ಬೇಡ, ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಅಂಗಡಿಯಲ್ಲೇ ಕೊಡುತ್ತಾರೆ ಎಂದೂ ಹೇಳಿದಳು. ನನಗದು ಸರಿಬರಲಿಲ್ಲ. ನಾನು ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಔಷಧಿಗಳ ಕಾಗದಪತ್ರ ಸರಿಯಾಗಿವೆಯೇ ಎಂದು ನೋಡುವ ಕೆಲಸದವಳು. ಚೀಟಿ ಇಲ್ಲದೆ ತಿಂದರೆ ಅದು ಗಾಂಜಾ, ಚೀಟಿ ಇಟ್ಟುಕೊಂಡು ತಿಂದರೆ ಔಷಧಿ. ನಾಳೆ ಕನ್ನಡ ಕೂಟದವರು ಯಾರಾದರೂ ಅಂಗಡಿಯ ಬಾಗಿಲಲ್ಲಿ ನೋಡಿದರೆ ತೋರಿಸಲು ಕೈಯಲ್ಲಿ ಒಂದು ಕಾರ್ಡು ಬೇಡವೇ? ವಿಚಾರಿಸಿದೆ. ಮೊದಲು ಒಬ್ಬ ಡಾಕ್ಟರು ಶಿಫಾರಸು ಬರೆಯಬೇಕು, ಅದನ್ನು ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಇಲಾಖೆಗೆ ತೋರಿಸಿ ಅಪ್ಲೈ ಮಾಡಿದರೆ ಫೋಟೋ ಇರುವ ಕಾರ್ಡು ಸಿಗುತ್ತದೆ. ಕೋವಿಡ್ ಆದಮೇಲೆ ಡಾಕ್ಟರುಗಳೆಲ್ಲ ಫೋನಿನೊಳಗೇ ಸೇರಿಕೊಂಡಿರುವುದರಿಂದ ಮನೆಯಿಂದ ಏಳುವುದೂ ಬೇಕಿಲ್ಲ.

ಫೋನಿನಲ್ಲಿ ಪ್ರತ್ಯಕ್ಷರಾದ ಡಾಕ್ಟರು ಹೂವಿನ ಅಂಗಿ ತೊಟ್ಟ ವಯಸ್ಸಾದವರು. ನಾನು ರೇಷ್ಮೆ ಸೀರೆಯೊಂದನ್ನು ಬಿಟ್ಟು ಉಳಿದೆಲ್ಲ ಮರ್ಯಾದೆಯ ಸಿದ್ಧತೆ ಮಾಡಿಕೊಂಡು ಕೂತಿದ್ದೆ. ಕೈ ಎಷ್ಟು ಏಳುತ್ತದೆ ತೋರಿಸಿ ಎಂದರು, ತೋರಿಸಿದೆ. ಎಂಥ ನಿದ್ದೆ ಬೇಕು ನಿಮಗೆ ಎಂದರು. ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ರಾಣೆಬೆನ್ನೂರು, ಪಡಸಾಲೆ, ಮೆಂತ್ಯದ ಪಲ್ಲೆ, ತವರಿಗೆ ಹೋದ ಸೊಸೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಗಡಿಯಾರ ನೋಡದೆ ಕೇಳಿದರು. ಅಂಥದ್ದು ಯಾವ ಅಂಗಡಿಯಲ್ಲೂ ಇಲ್ಲಮ್ಮ, ಆದರೆ ಸ್ವಲ್ಪ ಹತ್ತಿರದ್ದು ಸಿಗಬಹುದು, ಬರೆದುಕೊಡುತ್ತೇನೆ ಎಂದರು. ಅಲ್ಲಿಗೆ ಸುಮ್ಮನಿರಬಾರದಿತ್ತೇ ನಾನು? ಕಾಗದದ ಹುಚ್ಚು ಬಿಡಬೇಕಲ್ಲ. ಈ ಕಾರ್ಡಿನ ವಿಷಯ ನನ್ನ ಗ್ರೀನ್ ಕಾರ್ಡಿನ ಅರ್ಜಿಯಲ್ಲೂ ತಿಳಿಸಬೇಕೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದರು. ನೀವಿನ್ನೂ ಸಿಟಿಜನ್ ಅಲ್ಲ ಎಂದಾದರೆ ನಾನು ಇವತ್ತು ಏನೂ ಬರೆಯುವುದಿಲ್ಲ, ಮೊದಲು ನಿಮ್ಮ ವಕೀಲರನ್ನು ಕೇಳಿ ಎಂದರು.

ವಕೀಲೆ ಕೇಳಿದ್ದು ಒಂದೇ ಪ್ರಶ್ನೆ: ತಿಂದಿದ್ದೀರಾ? ಇಲ್ಲ ಎಂದೆ. ಅವರು ಉಸಿರು ಬಿಟ್ಟಿದ್ದು ಫೋನಿನಲ್ಲೇ ಕೇಳಿಸಿತು. ಗಾಂಜಾಕ್ಕೆ ಒಪ್ಪಿರುವುದು ಕ್ಯಾಲಿಫೋರ್ನಿಯಾ, ಗ್ರೀನ್ ಕಾರ್ಡ್ ಕೊಡುವುದು ದೇಶದ ಸರ್ಕಾರ, ಆ ಸರ್ಕಾರದ ಕಾನೂನಿನಲ್ಲಿ ಅದು ಇನ್ನೂ ಅಪರಾಧವೇ. ಡಾಕ್ಟರ ಚೀಟಿ ಇದ್ದರೂ ಅಷ್ಟೇ, ಕಾರ್ಡು ಪರ್ಸಿನಲ್ಲಿದ್ದರೆ ಇನ್ನೂ ಕಷ್ಟ. ಇಷ್ಟು ವರ್ಷ ಸಾಲಿನಲ್ಲಿ ನಿಂತಿದ್ದೆಲ್ಲ ಒಂದು ಗಮ್ಮಿಯಲ್ಲಿ ಮಣ್ಣುಪಾಲಾಗುತ್ತಿತ್ತು. ಯಾವ ಕಾರ್ಡು ಬಂದರೆ ಊರಿಗೆ ಹೋಗಿ ಆ ನೆಲದ ಮೇಲೆ ಮಲಗಬಹುದೋ, ಅದನ್ನೇ ಕಳೆದುಕೊಳ್ಳುವ ಕಾರ್ಡಿಗೆ ನಾನು ಕೈಯೊಡ್ಡಿ ಕೂತಿದ್ದೆ. ವಿಷಯ ಕೇಳಿ ಅವತ್ತು ಶ್ರೀಧರ್ ಅವರಿಗೂ ನಿದ್ದೆ ಬರಲಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಆ ಭಾನುವಾರ ಡೈಮಂಡ್ ಬಾರ್ ಎಂಬ ಊರಿನ ಶಾರದಕ್ಕನ ಮನೆಗೆ ಊಟಕ್ಕೆ ಹೋಗಿದ್ದೆವು. ಗದಗಿನವರು, ನನಗೆ ಇಲ್ಲಿ ಅಕ್ಕ ಎಂದರೆ ಅವರೇ. ಊಟವಾದ ಮೇಲೆ “ಮಾರಿ ನೋಡು ಎಷ್ಟ ಸೊರಗೇತಿ, ಒಂದೀಟು ಅಡ್ಡಾಗು” ಎಂದು ಜಮಖಾನ ಹಾಸಿ, ಭುಜದ ಕೆಳಗೆ ಒಂದು ದಿಂಬು ತುರುಕಿದರು. ಮನೆಗೆ ಬಂದಿದ್ದ ತಮ್ಮ ಅತ್ತಿಗೆಯ ಜೊತೆ ಪಕ್ಕದಲ್ಲೇ ಕೂತು ಮೆಂತ್ಯ ಸೋಸುತ್ತ ಯಾರದೋ ಮದುವೆಯ ಸುದ್ದಿ ತೆಗೆದರು. ವರ ಯಾವ ಊರಿನವನು ಎಂಬುದು ನನಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಮೈಮೇಲೆ ಶಾಲಿತ್ತು, ಚಹಾ ಆರಿತ್ತು.

ವಾಪಸ್ಸು ಡ್ರೈವ್ ಮಾಡುವಾಗ ಶ್ರೀಧರ್ “ನಮ್ಮನೇಲೂ ಎಲ್ಲರೂ ಮಾತಾಡ್ತಾನೇ ಇರ್ತೀವಲ್ಲ, ಆಗ್ಯಾಕೆ ನಿದ್ದೆ ಬರಲ್ಲ?” ಎಂದರು.

“ಮನಿಯಾಗ ನೀವು ಮಾತಾಡೂದು ನನ್ನ ಜೋಡಿ. ನಾನು ಉತ್ತರಾ ಕೊಡಬೇಕಾಗತೈತಿ” ಎಂದೆ.

ಪಾಪ, ಅವರೇ ಮರುದಿನ ಸಂಜೆ ಮೆಂತ್ಯದ ಕಟ್ಟು ತಂದು, ಮೇಘಾಳನ್ನೂ ಎಳೆದು ಕೂರಿಸಿ ಸೊಪ್ಪು ಬಿಡಿಸಲು ಕೂತರು. ನಾನು ಪಕ್ಕದಲ್ಲಿ ಜಮಖಾನದ ಮೇಲೆ ಕಣ್ಣು ಮುಚ್ಚಿ ಬಿದ್ದುಕೊಂಡೆ. ಅಪ್ಪ ಮನೆಯ ಲೋನಿನ ವಿಚಾರ ತೆಗೆದರು, ಮಗಳು ಇಂಗ್ಲಿಷಿನಲ್ಲಿ ಆಕಳಿಸಿದಳು. ಇದರಲ್ಲಿ ಯಾರಿಗೆ ನಿದ್ದೆ ಬಂದೀತು? ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಚಿಗವ್ವನಿಗೆ ಆಗ ಬೆಳಗು. ಫೋನನ್ನು ದಾಟಿಸೋಣವೆಂದರೆ ನಾನು ಕಣ್ಣು ಮುಚ್ಚಿ ಮಲಗಿದ್ದೆ, ಶ್ರೀಧರ್ ಅವರ ಕೈ ಒದ್ದೆ. ಮೇಘಾ ಸ್ಪೀಕರ್ ಒತ್ತಿದಳು.

“ಅಜ್ಜಿ, ಅಮ್ಮ ಮಲಗಿದಾಳೆ.”

“ನಿಮ್ಮಲ್ಲೆ ದೀಪಾ ಹಚ್ಚೂ ಹೊತ್ತಿನ್ಯಾಗ ಮಲಗ್ಯಾಳ? ಆರಾಮ ಇಲ್ಲೇನು?”

“ಭುಜ ನೋವು. ರಾತ್ರಿ ನಿದ್ದೆನೇ ಮಾಡಲ್ಲ. ಅವಳಿಗೆ...” ಮಗಳು ಮಾತು ಹುಡುಕಿದಳು. “ಅವಳಿಗೆ ನಿಮ್ಮನೆ ನೆಲ ಬೇಕಂತೆ.”

ರಾಣೆಬೆನ್ನೂರಿನಲ್ಲಿ ಚಿಗವ್ವ ದನಿ ತಗ್ಗಿಸಿದಳು.

“ಎಬ್ಬಸಬ್ಯಾಡ, ಮಗಾ. ನೀ ಮಾತಾಡು. ಏನ್ ಮಾಡಾಕತ್ತಿ?”

“ಮೆಂತ್ಯ ತೆಗೀತಿದೀನಿ.”

“ದಂಟು ಒಗದು ಎಲೀ ಅಷ್ಟ ಇಟಗೋ. ಇಲ್ಲೊಂದು ಸುದ್ದಿ ಆಗೇತಿ, ಕೇಳು...”

ನನಗೆ ಅಳು ಬಂತು. ಎದ್ದು ಮಾತಾಡಬೇಕೆನ್ನಿಸಿತು. ಆದರೆ ನಾನು ಎದ್ದರೆ ಫೋನು ನನ್ನ ಕೈಗೆ ಬರುತ್ತದೆ, ಮಗಳು ಇಂಗ್ಲಿಷಿಗೆ ಓಡುತ್ತಾಳೆ. ಅಲ್ಲಾಡದೆ ಮಲಗಿದೆ. ಚಿಗವ್ವ ಓಣಿಯ ಯಾವುದೋ ಸೊಸೆಯ ಕಥೆ ಹೇಳುತ್ತಿದ್ದಳು, ಮೇಘಾ “ಆಮೇಲೆ?” ಎನ್ನುತ್ತಿದ್ದಳು. ಆಗ, ಯಾವ ಚೀಟಿಯೂ ಇಲ್ಲದೆ, ಕಣ್ಣು ತಾನಾಗಿ ಎಳೆಯತೊಡಗಿತು. ವರ್ಷವಿಡೀ ಹಂಬಲಿಸಿದ ನಿದ್ದೆ ನನ್ನ ಮನೆಗೇ ಬಂದಿತ್ತು. ನಾನು ನೆಟ್ಟಗಿರುವ ಎಡಗೈಯಿಂದ ತೊಡೆ ಚಿವುಟಿಕೊಳ್ಳುತ್ತ, ಮಗಳ ಮುಂದಿನ “ಆಮೇಲೆ?” ತಪ್ಪಬಾರದೆಂದು ಅದು ಬಾರದಂತೆ ತಡೆದುಕೊಂಡು ಮಲಗಿದ್ದೆ.