ಹಳೇ ಊರಾಗಿನ ಹೊಸಾ ಮಂದಿ

ಹಂತ್ಯಾಕ ಬರ್ರಿ. ಹೊರಗ ಯಾರೂ ಇಲ್ಲಲ್ಲಾ? ನಾ ಹೇಳಿದ್ದು ನಿಮ್ಮ ಹೊಟ್ಟ್ಯಾಗೇ ಇರ್ಲಿ. ಭೂಕಂಪಾಗಿ ಹಳೇ ಊರು ಬಿದ್ದು, ಸರ್ಕಾರದವರು ಕಟ್ಟಿಸಿದ ಹೊಸಾ ಊರಿಗಿ ನಾವು ಬಂದ ಮ್ಯಾಲೂ, ಆ ಬಿದ್ದ ಊರಾಗ ಏನರೆ ಒಂದು ನಡದೇ ಇರತದ.

ಮಾವನ ಮನಿ

ಮೊದಲ ಹುಲ್ಲು ಬಂತು. ಹುಲ್ಲಿನ ಹಿಂದ ಜಾಲಿ. ಜಾಲ್ಯಾಗ ಹಕ್ಕಿ ಕುಂತು, ಅವು ಉದರಿಸಿದ ಬೀಜಕ್ಕ ಬೇವು ಎದ್ದವು. ನಮ್ಮ ಸೋದರಮಾವ ತನ್ನ ಮನಿ ನೋಡಬೇಕಂತ ಹೋದ. ಹೊಸ್ತಿಲ ಮ್ಯಾಲ ನವಿಲು ನಿಂತಿತ್ತು. ಅಂವಾ ಚಪ್ಪಲಿ ಕಳದು, ಕೈ ಮುಗದು, ತಿರುಗಿ ಬಂದ.

"ಯಾಕ ಮಾವಾ, ಒಳಗ ಹೋಗಲಿಲ್ಲೇನು?"

"ಮನ್ಯಾಗ ಮಂದಿ ಹರ. ಕೇಳದೇ ಹ್ಯಾಂಗ ಹೋಗಲಿ?"

ಸಂಜಿ ಭೆಟ್ಟಿ

ನಮ್ಮ ಬಾಜೂ ಮನಿಯಾಕಿ ದಿನಾ ಸಂಜಿಗಿ ಸೆರಗು ಮುಚ್ಚಿಕೊಂಡು ಹಳೇ ಊರಿಗಿ ಹೋಗತಿದ್ದಳು. ಗಂಡ ಯೆಣೆಗೂರ ಢಾಬಾದಾಗ ಕೆಲಸಕ್ಕ. ನಿಮಗೇನು ಅನಸತದ? ನನಗೂ ಅದೇ ಅನಿಸ್ತು. ಹಿಂದಿಂದೇ ಹೋಗಿ ಜಾಲಿ ಮರಿಗಿ ಕುಂತೆ.

ಆಕಿ ತನ್ನ ಬಿದ್ದ ಅಡಗಿ ಮನ್ಯಾಗ ಉಡ್ಯಾಗಿನ ಜ್ವಾಳ ಚೆಲ್ಲಿದಳು. ಹೆಣ್ಣ ನವಿಲು ಬಂತು, ಹಿಂದ ಮರಿಗೋಳು. ಆಕಿ ಮಗಳು ಭೂಕಂಪದಾಗ ಅದೇ ಗ್ವಾಡಿ ಬುಡಕ ಸತ್ತಿದ್ದಳು. ಸದ್ದಿಲ್ಲದೇ ಏಳಬೇಕಂದ್ರ ಸೀರಿ ಮುಳ್ಳಿಗಿ ಸಿಕ್ಕಿತ್ತು.

ಆಕಿ ತಿರುಗಿ ಸುದ್ದಾ ನೋಡಲಿಲ್ಲ. "ಅಕ್ಕಾ, ಮುಳ್ಳು ನಾ ಬಿಡಸಲೇನು, ಇಲ್ಲಾ ಇನ್ನಾ ನೋಡೂದದಾ?"

ನಾಗಪ್ಪ

ಮುಂದ ಸರಪಂಚ, ಹಳೇ ಊರಿನ ಜಾಲಿ ಎಲ್ಲಾ ಕಡದು ಇದ್ದಿಲ ಭಟ್ಟಿ ಹಚ್ಚತೀನಿ ಅಂದ. ಮರಿಗೋಳು ಇನ್ನಾ ಹಾರಲಾರವು. ಬಾಜೂ ಮನಿಯಾಕಿ ಅನ್ನ ಬಿಟ್ಟಳು. ನಳದ ಹಂತ್ಯಾಕ ನನ್ನ ಕೈ ಹಿಡದು, "ಅಕ್ಕಾ, ನಮ್ಮ ಅಡಗಿ ಮನ್ಯಾಗ ಹುತ್ತ ಎದ್ದದ. ಒಳಗ ನಾಗಪ್ಪ ಹಾನ. ನಿನ್ನ ಕಾಲ ಬೀಳತೀನಿ, ಯಾರಿಗೂ ಹೇಳಬ್ಯಾಡ" ಅಂದಳು.

ನಾ ಯಾರಿಗೂ ಹೇಳಲಿಲ್ಲ. ಕಾಸಾರಶಿರಸಿ ಬಸ್ಸಿನಾಗ ಬಾಜೂಕ ಕುಂತಾಕಿಗಿ ಅಷ್ಟೇ.

ಹುತ್ತಿದ್ದಲ್ಲಿ ನಮ್ಮ ಕಡಿ ಕಬ್ಬಿಣ ಹಚ್ಚಂಗಿಲ್ಲ. ಕಡಿಯೋ ಮಂದಿ ಕೊಡ್ಲಿ ಕೆಳಗಿಟ್ಟು, "ಈ ಕೆಲಸ ನಮಗ ನಕೋ ಸಾಹೇಬ" ಅಂದರು. ಸರಪಂಚ ಒದರಾಡಿದ. ಅವನ ಹೇಣ್ತಿನೇ ಹಾಲಿನ ಗಿಂಡಿ ಹಿಡಕೊಂಡು ಅಡ್ಡ ನಿಂತಳು. ಭಟ್ಟಿ ಮಾತು ಅಲ್ಲಿಗೇ ನಿಂತಿತು.

ನಾನೂ ಹಾಲು ಹಾಕಬೇಕಂತ ಹೋಗಿ ನೋಡತೀನಿ, ಹುತ್ತೂ ಇಲ್ಲ, ಹಾವೂ ಇಲ್ಲ! ಅಲ್ರೀ, ನವಿಲಿದ್ದಲ್ಲಿ ಹಾವು ಹ್ಯಾಂಗ ಉಳದೀತು? ಊರಿಗಿ ಊರೇ ಇದನ್ನ ಮರತಿತ್ತು.

ಸೀದಾ ಆಕಿ ಮನಿಗಿ ಹೋಗಿ ಜಾಡಿಸಿದೆ: "ಸುಳ್ಳು ಹೇಳಿ ನನ್ನ ಬಾಯಿ ಯಾಕ ಕೆಡಿಸಿದಿ?"

ಆಕಿ ರೊಟ್ಟಿ ಬಡಿಯೂದು ನಿಂದರಸಲಿಲ್ಲ.

"ಖರೇ ಇದ್ದಿದ್ರ ನೀ ಇಷ್ಟು ಲಗೂ ಹಬ್ಬಸತಿದ್ದೇನು, ಅಕ್ಕಾ?"