ಅತ್ತೆ ವಾಪಸ್ ತರದ ಕಸ

ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಒಂದು ಕಸದ ಚೀಲ ಬಿಚ್ಚಿ ನೋಡಿದರೆ ಸಾಕು, ಆ ಮನೆಯಲ್ಲಿ ಎಷ್ಟು ಜನ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಗುಟ್ಟಾಗಿ ಕೇಕ್ ತಿನ್ನುತ್ತಾರೆ ಅನ್ನುವುದನ್ನೆಲ್ಲ ಹೇಳಿಬಿಡುತ್ತಾರೆ. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಸುಳ್ಳು ಕ್ಲೈಮು ಹಿಡಿದವರಿಗೆ ಇದೇನು ಮಹಾ!

ರಿಟೈರಾದಾಗ ನಾವೆಲ್ಲ ಬೆಸೆಂಟ್ ನಗರದಲ್ಲಿ ಮನೆ ತಗೊಳ್ಳಿ, ಸಮುದ್ರದ ಗಾಳಿ ಬರುತ್ತೆ ಅಂದೆವು. ಅವರು ಹೋಗಿ ಪಳ್ಳಿಕರಣೈ ಜೌಗಿನ ಎದುರಿಗೆ ಫ್ಲಾಟ್ ಹಿಡಿದರು. ಜೊಂಡು, ಕೆಸರು, ಸೊಳ್ಳೆ, ಗಾಳಿ ತಿರುಗಿದರೆ ಕಸದ ಗುಡ್ಡೆಯ ವಾಸನೆ.

"ಯಾಕತ್ತೆ, ಈ ಕೊಚ್ಚೆ ನೋಡ್ತಾ ಕೂತ್ಕೋತೀರಾ?" ಅಂದೆ.

"ಸಮುದ್ರಾನ ಯಾರೂ ಮುಚ್ಚೋಕಾಗಲ್ಲ ಕಣೋ. ಇದನ್ನ ಮುಚ್ಚಬಹುದು. ಒಬ್ರಾದ್ರೂ ನೋಡ್ತಿರಬೇಕಲ್ಲ?"

ನೋಡುವುದು ಅಂದರೆ ಬರೀ ನೋಡುವುದಲ್ಲ. ಬೆಳಗ್ಗೆ ಆರಕ್ಕೆ ಕೊಡೆ, ರಬ್ಬರ್ ಗ್ಲೌಸು, ಬಟ್ಟೆಚೀಲ ಹಿಡಿದು ಬೇಲಿಯ ಪಕ್ಕ ಹೊರಡುತ್ತಿದ್ದರು. ಯಾರೋ ರಸ್ತೆಯಿಂದ ಎಸೆದುಹೋದ ಕಸದಲ್ಲಿ ಒಂದು ಕೊರಿಯರ್ ಕವರ್ ಸಿಕ್ಕಿದರೆ ಮುಗಿಯಿತು. ಶೇರ್ ಆಟೋ ಹತ್ತಿ, ವಿಳಾಸ ಹುಡುಕಿ, ಗಂಟೆ ಒತ್ತಿ, "ಸಾರ್, ಇದನ್ನ ನೀವು ಅಲ್ಲಿ ಮರೆತು ಬಂದಿದ್ರಿ" ಅಂತ ತಮಿಳಿನಲ್ಲಿ ಬಹಳ ವಿನಯದಿಂದ ಚೀಲ ಒಪ್ಪಿಸುತ್ತಿದ್ದರು. ಒಬ್ಬ ಮಹಾನುಭಾವ ಗಾಬರಿಯಲ್ಲಿ ಥ್ಯಾಂಕ್ಸ್ ಹೇಳಿ ಇಸಕೊಂಡನಂತೆ. ಅವನ ಹೆಂಡತಿ ಒಳಗೆ ಕರೆದು ಕಾಫಿ ಕೊಟ್ಟಳಂತೆ. ಅತ್ತೆ ಕುಡಿದು, "ಡಿಕಾಕ್ಷನ್ ಸಾಲದು, ಪುಡೀನ ಬೇಗ ಎಸೀತೀರ. ಚೀಲದಲ್ಲಿ ನೋಡಿದೆ" ಅಂದು ಎದ್ದು ಬಂದರು.

ಇನ್ನೊಂದು ಸಲ, 'ಸಂರಕ್ಷಿತ ಪ್ರದೇಶ' ಅನ್ನುವ ಬೋರ್ಡಿನ ಮೇಲೆ ಯಾರೋ ಟ್ಯೂಷನ್ ಪೋಸ್ಟರ್ ಅಂಟಿಸಿದ್ದರು. ಅತ್ತೆ ಬಿಸಿನೀರು, ದೋಸೆ ಮಗುಚುವ ಕೈ ತಗೊಂಡು ಹೋಗಿ ಒಂದು ಗಂಟೆ ಕೆರೆದರು. ಆಮೇಲೆ ಪೋಸ್ಟರಿನ ನಂಬರಿಗೆ ಫೋನ್ ಮಾಡಿ, "ನಿಮ್ಮಲ್ಲಿ ಓದೋದು ಹೇಳಿಕೊಡ್ತೀರೋ, ಓದೋಕೆ ಅಡ್ಡ ಬರ್ತೀರೋ?" ಅಂತ ವಿಚಾರಿಸಿದರು. ಅಲ್ಲಿನ ಕಾವಲುಗಾರ ಅವತ್ತಿನಿಂದ ಅವರನ್ನು 'ಮೇಡಂ' ಅನ್ನಲು ಶುರುಮಾಡಿದ.

ಭಾನುವಾರ ನನ್ನ ಮಗಳೂ ಅವರ ಜೊತೆ ಹೋಗುತ್ತಿದ್ದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ, ಅಲ್ಲಿಂದ ಬಂದರೆ ಮಾತ್ರ ಹೆಜ್ಜಾರ್ಲೆ, ನೀರುಕಾಗೆ, ಜಂಬುಕೋಳಿ ಅಂತ ಹಕ್ಕಿಗಳ ಹೆಸರೆಲ್ಲ ಕನ್ನಡದಲ್ಲೇ ಹೇಳುತ್ತಿದ್ದಳು. ನಾನು ಒಮ್ಮೆಯೂ ಹೋಗಲಿಲ್ಲ. ಹಕ್ಕಿ ಎಲ್ಲಿಗೆ ಹೋಗುತ್ತೆ, ಮುಂದಿನ ವಾರ ನೋಡಿದರಾಯಿತು ಅಂತ.

ಹೋದ ವರ್ಷ ಪುರಸೈವಾಕ್ಕಂನ ನಮ್ಮ ಹಳೇ ಮನೆಯ ಅಡುಗೆಕೋಣೆ ಒಡೆಸಿದೆ. ತಾತ ಹಾಕಿಸಿದ್ದ ಹಸಿರು ಟೈಲ್ಸು, ಅಂಚಿನಲ್ಲಿ ಬಿಳಿ ಬಳ್ಳಿ. ಅತ್ತೆ ಅಂಬೆಗಾಲಿಟ್ಟ ನೆಲ ಅದು. "ಸಾರ್, ಒಡೆದಿದ್ದೆಲ್ಲ ಎಲ್ಲಿ ಹಾಕೋದು?" ಅಂತ ಮೇಸ್ತ್ರಿ ಕೇಳಿದ. "ಎಲ್ಲಾದ್ರೂ ಹಾಕಪ್ಪ, ನನ್ನ ತಲೆ ತಿನ್ನಬೇಡ" ಅಂದೆ.

ಹದಿನೈದು ದಿನದ ಮೇಲೆ ಅತ್ತೆ ಫೋನ್ ಮಾಡಿದರು. "ಹಳೇ ಟೈಲ್ಸ್ ಏನ್ಮಾಡ್ದೆ?"

"ಯಾವುದೋ ರಸ್ತೆ ಕೆಲಸಕ್ಕೆ ತಗೊಂಡೋದ್ರು ಅತ್ತೆ." ಯಾಕೆ ಸುಳ್ಳು ಹೇಳಿದೆನೋ, ಬಾಯಿಗೆ ಬಂತು, ಹೇಳಿದೆ.

"ಓಹೋ, ಒಳ್ಳೇದಾಯ್ತು" ಅಂದರು. ಸುಳ್ಳು ಕ್ಲೈಮು ಹಿಡಿಯುವವರು ಇಷ್ಟು ಸಲೀಸಾಗಿ ಒಪ್ಪಿಕೊಂಡರಲ್ಲ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ಆ ವಾರವೇ ಅವರ ಎಡಗೈ ಮಣಿಕಟ್ಟು ಮುರಿಯಿತು. ಬಚ್ಚಲಲ್ಲಿ ಜಾರಿದೆ ಅಂದರು. ಪ್ಲಾಸ್ಟರ್ ಹಾಕಿಸಿ ಮನೆಯಲ್ಲಿ ಕೂರಿಸಿದೆವು. ಭಾನುವಾರ ಬಂತು, ಮಗಳು ಬಿಡಲಿಲ್ಲ. ಕೊನೆಗೆ ನಾನೇ ಅವಳನ್ನು ಕರೆದುಕೊಂಡು ಜೌಗಿಗೆ ಹೋದೆ.

ಕಾವಲುಗಾರ ಮಗಳನ್ನು ನೋಡಿ ಓಡಿ ಬಂದ. "ಮೇಡಂ ಕೈ ಹೇಗಿದೆ? ಬೇಡ ಬೇಡ ಅಂದೆ ಸಾರ್, ಕೇಳಲಿಲ್ಲ. ನಾಲ್ಕು ದಿನ ಬಂದು ಆ ಕಲ್ಲೆಲ್ಲ ಚೀಲದಲ್ಲಿ ಹೊತ್ತರು. ನಾಲ್ಕನೇ ದಿನ ಅಲ್ಲೇ ಕಾಲು ಜಾರಿ ಬಿದ್ದರು. ನಾವು ಆಳು ಹಾಕಿಸ್ತೀವಿ ಅಂದ್ರೆ, 'ಇಲ್ಲಪ್ಪ, ಇದು ನಮ್ಮನೇದು' ಅಂದ್ರು."

ಬೇಲಿ ಮುರಿದಿದ್ದ ಕಡೆ ಕೈ ತೋರಿಸಿದ. ಜೊಂಡು ಮಗುಚಿಕೊಂಡು ಬಿದ್ದಿತ್ತು. ಅದರ ಮೇಲೆ ಸಿಮೆಂಟು, ಇಟ್ಟಿಗೆ, ನಡುವೆ ಹಸಿರು ಚೂರುಗಳು. ಮಗಳು ಒಂದನ್ನು ಎತ್ತಿ ಒರೆಸಿ ನೋಡಿದಳು.

"ಅಪ್ಪಾ, ಇದು ನಮ್ಮ ಟೈಲ್ಸ್ ತಾನೇ?"

ಹೌದು ಅಂದೆ. ಅವಳು ಆ ಚೂರನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು.

ಕಾವಲುಗಾರನ ಒಪ್ಪಿಗೆ ಪಡೆದು ಸಣ್ಣ ಗಾಡಿಯೊಂದನ್ನು ಕರೆಸಿದೆ. ಮಧ್ಯಾಹ್ನದವರೆಗೆ ನಾನೂ ಅವಳೂ ಹೊತ್ತೆವು. ಮೇಲಿದ್ದದ್ದು ಬಂತು. ಕೆಸರಿಗೆ ಇಳಿದದ್ದು ಇಳಿದೇ ಹೋಗಿತ್ತು. ಕೆದಕಿದಷ್ಟೂ ಜೊಂಡಿನ ಬೇರು ಕಿತ್ತು ಬರುತ್ತಿತ್ತು. "ಸಾಕು ಸಾರ್, ಬಿಡಿ, ಇನ್ನೂ ಹಾಳಾಗುತ್ತೆ" ಅಂದ ಕಾವಲುಗಾರ.

ಮಗಳನ್ನು ಮನೆಗೆ ಬಿಟ್ಟು, ಕೆಸರು ಬಟ್ಟೆಯಲ್ಲೇ ಅತ್ತೆಯ ಫ್ಲಾಟಿಗೆ ಹೋದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಊರಿನವರ ಕಸವೆಲ್ಲ ಅವರವರ ಬಾಗಿಲಿಗೆ ಒಯ್ದು ಕೊಟ್ರಿ. ನಂದು ಯಾಕೆ ತರಲಿಲ್ಲ ಅತ್ತೆ?"

"ನಿಮ್ಮನೇಲಿ ಗಂಟೆ ಒತ್ತಿದ್ರೆ ಬಾಗಿಲು ತೆಗೆಯೋಳು ನಿನ್ನ ಮಗಳು" ಅಂದರು. "ಅವಳಿಗೆ ಗೊತ್ತಾಗೋದು ಬೇಡ ಅಂತ."

"ಗೊತ್ತಾಯ್ತು."

ಅತ್ತೆ ಕಿಟಕಿಯಾಚೆ ಜೌಗಿನ ಕಡೆ ಕೈ ತೋರಿಸಿದರು. "ಆ ಜಾಗದಲ್ಲಿ ಜಂಬುಕೋಳಿ ಗೂಡು ಕಟ್ಟಿತ್ತು ಕಣೋ. ನಿಂಗೆ ತೋರಿಸಬೇಕು ಅಂತಿದ್ದೆ. ನೀನು ಬರಲೇ ಇಲ್ಲ."

ನಾನು ಕೈಯಿಂದ ಮುಖ ಒರೆಸಿಕೊಳ್ಳಲು ಹೋದೆ. ಅಂಗೈ ಚುರ್ ಅಂದಿತು. ಒಂದು ಚೂರು ಚರ್ಮದೊಳಗೆ ಹೊಕ್ಕಿತ್ತು. ಅತ್ತೆ ಕನ್ನಡಕ, ಸೂಜಿ ತಂದು ಬೆಳಕಿಗೆ ಕೂತರು. ಒಂದು ಕೈ ಪ್ಲಾಸ್ಟರಿನಲ್ಲಿ ಇದ್ದುದರಿಂದ ನನ್ನ ಅಂಗೈಯನ್ನು ನಾನೇ ಅಗಲಿಸಿ ಹಿಡಿದುಕೊಳ್ಳಬೇಕಾಯಿತು.

"ನೋವಾದ್ರೆ ಹೇಳು" ಅಂದರು.

ಐವತ್ತು ದಾಟಿದ ಮನುಷ್ಯ ನಾನು. "ನೋವಾಗ್ತಿದೆ ಅತ್ತೆ" ಅಂದೆ.

ಅವರು ಸೂಜಿ ಕೆಳಗಿಟ್ಟು, ತಲೆ ಬಗ್ಗಿಸಿ, ನನ್ನ ಅಂಗೈ ಮೇಲೆ ಮೆಲ್ಲಗೆ ಊದಿದರು.